ತೇವದ ಗೋಡೆಗೆ ಸುಣ್ಣ

“ಕೊಳ್ಳುವವರು ಕೇಳಲಿಲ್ಲ, ನಾನು ಹೇಳಲಿಲ್ಲ. ಇದರಲ್ಲಿ ನನ್ನ ತಪ್ಪೇನು?”

ಪ್ರಿಯ ವಾಚಕರೇ, ಹಳೆಯ ಮನೆ ಮಾರಿದವರ ಬಾಯಲ್ಲಿ ಈ ಮಾತನ್ನು ನೀವೂ ಕೇಳಿರಬಹುದು. ಹೇಳುವವರು ಕೆಟ್ಟವರೆಂದಲ್ಲ. ಐದು ಹೊತ್ತು ನಮಾಝ್ ಮಾಡುವವರು, ರಮಝಾನಿನಲ್ಲಿ ಲೆಕ್ಕ ಹಾಕಿ ಝಕಾತ್ ಕೊಡುವವರು, ಅಂಗಡಿಯಲ್ಲಿ ತೂಕ ಕಡಿಮೆ ಮಾಡದವರು ಕೂಡ ಮನೆಯ ವ್ಯಾಪಾರಕ್ಕೆ ಬಂದಾಗ ಈ ಮಾತು ಆಡುತ್ತಾರೆ. ಒಂದು ಕಿಲೋ ಬೇಳೆಯಲ್ಲಿ ಕಲ್ಲು ಬೆರೆಸುವುದು ಹರಾಮ್ ಎಂದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಮೂವತ್ತು ಲಕ್ಷದ ಗೋಡೆಯ ಬಿರುಕಿನ ಬಗ್ಗೆ ಬಾಯಿ ಮುಚ್ಚಿಕೊಂಡಿರುವುದು ಅವರಿಗೆ ಜಾಣತನವಾಗಿ ಕಾಣುತ್ತದೆ. ಸುಳ್ಳು ಹೇಳುವುದಕ್ಕೂ ಸುಮ್ಮನಿರುವುದಕ್ಕೂ ನಡುವೆ ಒಂದು ಗೆರೆ ಇದೆ, ನಾವು ಆ ಗೆರೆಯ ಈಚೆಗಿದ್ದೇವೆ ಎಂದು ಅವರು ನಂಬಿದ್ದಾರೆ. ಆ ಗೆರೆ ನಿಜವಾಗಿ ಎಲ್ಲಿದೆ ಎಂದು ಸ್ವಲ್ಪ ವಿಚಾರ ಮಾಡೋಣ.

ಸಿಂಧನೂರಿನವರಾದ ನಮಗೆ ಈ ವಿಚಾರ ಅರ್ಥವಾಗಲು ಪುಸ್ತಕ ಬೇಕಿಲ್ಲ. ತುಂಗಭದ್ರಾ ಎಡದಂಡೆ ನಾಲೆಯ ನೀರು ಬಂದ ಮೇಲೆ ಇದು ಭತ್ತದ ನಾಡು. ಭತ್ತ ಕೊಳ್ಳುವ ವ್ಯಾಪಾರಿ ರಾಶಿಯ ಮೇಲ್ಭಾಗವನ್ನು ನೋಡಿ ದರ ಹೇಳುವುದಿಲ್ಲ. ಕೈಯನ್ನು ರಾಶಿಯ ಒಳಗೆ ತೂರಿಸುತ್ತಾನೆ, ಚೀಲಕ್ಕೆ ಬಂಬು ಚುಚ್ಚಿ ತಳದ ಕಾಳು ತೆಗೆಯುತ್ತಾನೆ, ಹಸಿ ಎಷ್ಟಿದೆ ಎಂದು ನೋಡುತ್ತಾನೆ. ಮೇಲೆ ಒಣಗಿದ ಭತ್ತ ಹರಡಿ ಒಳಗೆ ಹಸಿ ಭತ್ತ ಇಟ್ಟವನನ್ನು ಊರು ಏನೆಂದು ಕರೆಯುತ್ತದೆಂಬುದನ್ನು ನಾನು ಹೇಳಬೇಕಿಲ್ಲ.

ಪ್ರವಾದಿವರ್ಯರು(ಸ) ಒಮ್ಮೆ ಮದೀನಾದ ಪೇಟೆಯಲ್ಲಿ ಮಾಡಿದ್ದೂ ಇದನ್ನೇ. ಧಾನ್ಯದ ರಾಶಿಯೊಂದರ ಒಳಗೆ ಅವರು ಕೈ ಹಾಕಿದರು. ಬೆರಳುಗಳಿಗೆ ತೇವ ತಾಗಿತು. ಇದೇನೆಂದು ಕೇಳಿದಾಗ ರಾಶಿಯ ಒಡೆಯ ಮಳೆ ಬಂದು ನೆನೆಯಿತೆಂದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಹಾಕಲಿಲ್ಲವೆಂದು ಕೇಳಿ, ವಂಚಿಸುವವನು ತಮ್ಮವನಲ್ಲವೆಂದು ಅವರು ಹೇಳಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಘಟನೆಯನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ಆದರೆ ಆ ವ್ಯಾಪಾರಿಯ ಉತ್ತರವನ್ನು ಒಮ್ಮೆ ನಿಂತು ಗಮನಿಸಿ. ಅವನು ನೀರು ಹೊಡೆದು ತೂಕ ಹೆಚ್ಚಿಸಿರಲಿಲ್ಲ. ಮಳೆ ಬಂದದ್ದು ಅವನ ಅಪರಾಧವಲ್ಲ. ಅವನನ್ನು ಯಾರೂ ಕೇಳಿರಲಿಲ್ಲ. ಅವನು ಸುಳ್ಳನ್ನೂ ಹೇಳಿರಲಿಲ್ಲ. ಆದರೂ ಅವನು ವಂಚಕರ ಸಾಲಿಗೆ ಸೇರಿದ. ದೋಷ ನನ್ನಿಂದಾದದ್ದಲ್ಲ ಎಂಬುದಾಗಲಿ, ನನ್ನನ್ನು ಯಾರೂ ಕೇಳಲಿಲ್ಲ ಎಂಬುದಾಗಲಿ ಅವನನ್ನು ಉಳಿಸಲಿಲ್ಲ. ತಪ್ಪು ಇದ್ದದ್ದು ಒಂದೇ ಕಡೆ: ಅವನಿಗೆ ಗೊತ್ತಿದ್ದ ತೇವ ಕೊಳ್ಳುವವನಿಗೆ ಕಾಣದ ಜಾಗದಲ್ಲಿತ್ತು.

ಈಗ ಮನೆಗೆ ಬರೋಣ. ನಮ್ಮದು ಎರೆ ಮಣ್ಣಿನ ಸೀಮೆ. ಎರೆಯ ಸ್ವಭಾವವೆಂದರೆ ನೀರು ಕುಡಿದಾಗ ಉಬ್ಬುವುದು, ಒಣಗಿದಾಗ ಕುಗ್ಗಿ ಬಾಯಿ ಬಿಡುವುದು. ಬೇಸಿಗೆಯಲ್ಲಿ ಹೊಲದ ಬಿರುಕಿನೊಳಗೆ ಕೈ ಇಳಿಯುವುದನ್ನು ನಾವೆಲ್ಲ ನೋಡಿದ್ದೇವೆ. ಅಂಥ ಮಣ್ಣಿನ ಮೇಲೆ ಬುನಾದಿಯನ್ನು ಗಟ್ಟಿ ನೆಲ ಸಿಗುವವರೆಗೆ ಇಳಿಸದೆ ಕಟ್ಟಿದ ಮನೆ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳು ಹೊರಡುತ್ತದೆ, ಬಾಗಿಲು ಚೌಕಟ್ಟಿಗೆ ಬಿಗಿಯಾಗುತ್ತದೆ. ನಾಲೆಯ ನೀರು ನಿಂತು ಸವಳು ಜವಳಾದ ಕಡೆಗಳಲ್ಲಂತೂ ಗೋಡೆ ಕೆಳಗಿನಿಂದ ತೇವವನ್ನು ಎಳೆದುಕೊಳ್ಳುತ್ತದೆ, ಉಪ್ಪು ಹತ್ತಿ ಸುಣ್ಣ ಪುಡಿಯಾಗಿ ಉದುರುತ್ತದೆ. ಮಾರುವ ಮೊದಲು ಗೌಂಡಿಯನ್ನು ಕರೆಸಿ ಸೀಳಿಗೆ ಸಿಮೆಂಟು ತುಂಬಿಸಿ, ಮೇಲೆ ಪುಟ್ಟಿ ತಿಕ್ಕಿಸಿ, ಎರಡು ಕೋಟು ಬಣ್ಣ ಹೊಡೆಸಿದರೆ ಮೂರು ತಿಂಗಳು ಏನೂ ಕಾಣುವುದಿಲ್ಲ. ಮುಂದಿನ ಬೇಸಿಗೆಗೆ ಸೀಳು ಅದೇ ಜಾಗದಲ್ಲಿ ಮತ್ತೆ ತೆರೆಯುತ್ತದೆ. ಅಷ್ಟರಲ್ಲಿ ಮನೆ ಇನ್ನೊಬ್ಬರದಾಗಿರುತ್ತದೆ.

ಮನೆಗೆ ಬಣ್ಣ ಹೊಡೆಸಿ ಮಾರುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಮದುವೆಗೆ, ಹಬ್ಬಕ್ಕೆ ಹೊಡೆಸುವಂತೆ ಮಾರುವುದಕ್ಕೂ ಹೊಡೆಸಬಹುದು. ಇಪ್ಪತ್ತು ವರ್ಷದ ಮನೆಯಲ್ಲಿ ನೆಲದ ಶಹಾಬಾದ್ ಕಲ್ಲು ಸವೆದಿರುತ್ತದೆ, ನಲ್ಲಿ ಸಡಿಲವಾಗಿರುತ್ತದೆ. ಕಣ್ಣಿದ್ದವರಿಗೆ ಕಾಣುವ ಇಂಥದ್ದನ್ನೆಲ್ಲ ಪಟ್ಟಿ ಮಾಡಿ ಒಪ್ಪಿಸಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಹನಫೀ ಫಿಕ್ಹ್ ಪಂಡಿತರು ದೋಷಕ್ಕೆ ಕೊಟ್ಟ ಅಳತೆ ಬಹಳ ವ್ಯಾವಹಾರಿಕವಾದುದು. ವ್ಯಾಪಾರಿಗಳ ರೂಢಿಯಲ್ಲಿ ಯಾವುದು ವಸ್ತುವಿನ ಬೆಲೆಯನ್ನು ಇಳಿಸುತ್ತದೆಯೋ ಅದು ದೋಷ. ಕೊಳ್ಳುವಾಗ ಗೊತ್ತಾಗದೆ ಆಮೇಲೆ ಕಂಡುಬಂದರೆ ವಸ್ತುವನ್ನು ಹಿಂತಿರುಗಿಸುವ ಹಕ್ಕು ಕೊಂಡವನಿಗಿದೆ. ಅದಕ್ಕೆ ‘ಖಿಯಾರುಲ್ ಐಬ್’ ಎಂದು ಹೆಸರು. ಹಾಗಾಗಿ ನೀವು ನಿಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಸುಲಭ. ಈ ವಿಷಯ ತಿಳಿದಿದ್ದರೆ ಅವನು ಇದೇ ಬೆಲೆ ಕೊಡುತ್ತಿದ್ದನೇ? ಇಲ್ಲವೆಂದು ನಿಮ್ಮ ಮನಸ್ಸು ಹೇಳಿದರೆ ಅದನ್ನು ಹೇಳಬೇಕು. ನೀವು ಅದನ್ನು ಮುಚ್ಚಿಡಲು ಬಯಸುತ್ತಿರುವುದೇ ಅದು ಬೆಲೆ ಇಳಿಸುವಂಥದ್ದೆಂಬುದಕ್ಕೆ ಸಾಕ್ಷಿ.

ನಮ್ಮ ದೇಶದ ಕಾನೂನು ಕೂಡ ಇಲ್ಲಿ ಮಾರುವವನ ಪರವಾಗಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮು, ಮಾರುವವನಿಗೆ ಗೊತ್ತಿರುವ, ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅವನ ಕಣ್ಣಿಗೆ ಬೀಳದ ಮುಖ್ಯ ದೋಷವನ್ನು ಹೇಳುವ ಹೊಣೆಯನ್ನು ಮಾರುವವನ ಮೇಲೆ ಹಾಕಿದೆ. ಹೇಳದಿದ್ದರೆ ಅದು ವಂಚನೆಯೇ ಎಂದೂ ಅದೇ ಕಲಮು ಹೇಳುತ್ತದೆ. “ಕೊಳ್ಳುವವನು ಕಣ್ಣು ತೆರೆದು ನೋಡಿಕೊಳ್ಳಬೇಕು” ಎಂದು ದಲಾಲರು ಹೇಳುವ ನೀತಿಗೆ ಕಾನೂನಿನಲ್ಲಿ ಅವರು ತಿಳಿದಷ್ಟು ಜಾಗವಿಲ್ಲ.

ಇನ್ನು ಕೆಲವರು ಇನ್ನೊಂದು ಉಪಾಯ ಹೂಡುತ್ತಾರೆ. ‘ಮನೆ ಹೇಗಿದೆಯೋ ಹಾಗೆ ಮಾರಿದ್ದೇನೆ, ಮುಂದೆ ಯಾವ ದೋಷ ಕಂಡರೂ ನಾನು ಹೊಣೆಯಲ್ಲ’ ಎಂದು ಕ್ರಯಪತ್ರದಲ್ಲಿ ಒಂದು ಸಾಲು ಬರೆಸುತ್ತಾರೆ. ಫಿಕ್ಹ್ ಗ್ರಂಥಗಳಲ್ಲಿ ಇದರ ಚರ್ಚೆ ಹಳೆಯದು. ಹನಫೀಗಳ ಪ್ರಕಾರ ಇಂಥ ಕರಾರು ಚಲಾವಣೆಯಾಗುತ್ತದೆ. ಶಾಫಿಈಗಳು ಇದನ್ನು ಬಹಳ ಮಟ್ಟಿಗೆ ಒಪ್ಪುವುದಿಲ್ಲ. ಆದರೆ ಕರಾರು ಚಲಾವಣೆಯಾಗುತ್ತದೆ ಎನ್ನುವುದು ಕಾಝಿಯ ಮುಂದಿನ ಮಾತು. ಮನೆಯಲ್ಲಿ ಯಾವ ಕಾಯಿಲೆ ಇದೆಯೋ ನನಗೂ ಗೊತ್ತಿಲ್ಲ ಎನ್ನುವವನು ಹೀಗೆ ಬರೆಸುವುದಕ್ಕೂ, ಮಲಗುವ ಕೋಣೆಯ ಮೂಲೆಯಲ್ಲಿ ಪ್ರತಿ ಮಳೆಗಾಲಕ್ಕೆ ಬಾನಿ ಇಟ್ಟವನು ಹೀಗೆ ಬರೆಸುವುದಕ್ಕೂ ಅಲ್ಲಾಹನ ಬಳಿ ಒಂದೇ ಬೆಲೆ ಇರಲು ಸಾಧ್ಯವೇ?

ಈ ವಿಷಯದಲ್ಲಿ ಜಪಾನಿನ ಜನರು ಹಾಕಿಕೊಂಡ ಕಟ್ಟಳೆಯನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಅಲ್ಲಿನ ಪಟ್ಟಣಗಳಲ್ಲಿ ಜನ ಹೆಚ್ಚಾಗಿ ಬಹುಮಹಡಿ ಕಟ್ಟಡಗಳ ಫ್ಲಾಟುಗಳಲ್ಲಿ ವಾಸಿಸುತ್ತಾರೆ. ಮೂವತ್ತು ನಲವತ್ತು ವರ್ಷ ಹಳೆಯ ಫ್ಲಾಟು ಕೊಳ್ಳುವುದು ಅಲ್ಲಿ ಸಾಮಾನ್ಯ. ವ್ಯವಹಾರ ಕುದುರಿಸುವ ಪರವಾನಗಿ ಪಡೆದ ದಲ್ಲಾಳಿ, ಕರಾರಿಗೆ ಸಹಿ ಬೀಳುವ ಮೊದಲೇ ‘ಮುಖ್ಯ ವಿಷಯಗಳ’ ಪತ್ರವೊಂದನ್ನು ಬರೆದು ಕೊಟ್ಟು ವಿವರಿಸಬೇಕೆಂದು ಕಾನೂನಿದೆ. 1978ರ ಮಿಯಾಗಿ ಭೂಕಂಪದ ನಂತರ 1981ರ ಜೂನ್ 1ರಿಂದ ಅಲ್ಲಿ ಕಟ್ಟಡಗಳಿಗೆ ಹೆಚ್ಚು ಕಠಿಣವಾದ ನಿಯಮ ಬಂತು. ಆದ್ದರಿಂದ ಹಳೆಯ ಫ್ಲಾಟು ಕೊಳ್ಳುವವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, ಕಟ್ಟಡಕ್ಕೆ ಒಪ್ಪಿಗೆ ಸಿಕ್ಕಿದ್ದು ಆ ದಿನಕ್ಕಿಂತ ಮೊದಲೋ ಆಮೇಲೋ ಎಂಬುದು. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಅವರ ಹೊಸ ನಾಗರಿಕ ಸಂಹಿತೆಯ ಪ್ರಕಾರ, ಹೇಳಿದ್ದಕ್ಕೂ ಕೊಟ್ಟದ್ದಕ್ಕೂ ತಾಳೆಯಾಗದಿದ್ದರೆ ಮಾರಿದವನು ಹೊಣೆ. ನಾನು ಹೊಣೆಯಲ್ಲ ಎಂದು ಅಲ್ಲಿಯೂ ಬರೆಸಬಹುದು. ಆದರೆ ತನಗೆ ಗೊತ್ತಿದ್ದೂ ಹೇಳದ ಸಂಗತಿಗೆ ಆ ಬರಹ ರಕ್ಷಣೆ ಕೊಡುವುದಿಲ್ಲ. ನಾನು ಮೇಲೆ ಬಾನಿಯ ಉದಾಹರಣೆ ಕೊಟ್ಟು ಕೇಳಿದ ಪ್ರಶ್ನೆಗೆ ಅವರು ಕಾನೂನಿನಲ್ಲೇ ಉತ್ತರ ಬರೆದಿಟ್ಟಿದ್ದಾರೆ.

ಅಲ್ಲಿ ಇನ್ನೊಂದು ವಿಚಿತ್ರ ಪ್ರಶ್ನೆಯೂ ಎದ್ದಿತು. ಮನೆಯೊಳಗೆ ಯಾರಾದರೂ ಆತ್ಮಹತ್ಯೆ ಮಾಡಿಕೊಂಡಿದ್ದರೆ, ಕೊಲೆ ನಡೆದಿದ್ದರೆ ಅದನ್ನು ಹೇಳಬೇಕೇ? 2021ರ ಅಕ್ಟೋಬರಿನಲ್ಲಿ ಅಲ್ಲಿನ ಸರಕಾರ ದಲ್ಲಾಳಿಗಳಿಗೆ ಮಾರ್ಗಸೂಚಿ ಹೊರಡಿಸಿತು. ಮುಪ್ಪಿನಿಂದ, ಕಾಯಿಲೆಯಿಂದ ಸಹಜವಾಗಿ ಸತ್ತದ್ದನ್ನು ಸಾಮಾನ್ಯವಾಗಿ ಹೇಳಬೇಕಿಲ್ಲ. ಆತ್ಮಹತ್ಯೆ, ಕೊಲೆಯಂಥದ್ದನ್ನು ಬಾಡಿಗೆಯ ಮನೆಯಲ್ಲಿ ಸುಮಾರು ಮೂರು ವರ್ಷದವರೆಗೆ ಹೇಳಬೇಕು. ಮಾರಾಟಕ್ಕೆ ಅಂಥ ಅವಧಿಯ ರಿಯಾಯಿತಿ ಇಲ್ಲ.

ನಮ್ಮಲ್ಲೂ ‘ಆ ಮನೆ ಆಗಿಬರುವುದಿಲ್ಲ’ ಎಂಬ ಮಾತಿಗೆ ಕೊರತೆಯಿಲ್ಲ. ಶಕುನ ಅಪಶಕುನಗಳನ್ನು ಇಸ್ಲಾಮ್ ತಳ್ಳಿಹಾಕಿದೆ. ಗೋಡೆಗೆ ಕೇಡು ಮಾಡುವ ಶಕ್ತಿಯಿಲ್ಲ. ಹಾಗಾದರೆ ಒಬ್ಬ ಮುಸ್ಲಿಮ್, ತಾನು ಮಾರುವ ಮನೆಯಲ್ಲಿ ನಡೆದ ಆತ್ಮಹತ್ಯೆಯನ್ನು ಹೇಳಬೇಕೇ? ‘ಅದು ಮೂಢನಂಬಿಕೆ, ಹೇಳಿದರೆ ಮೂಢನಂಬಿಕೆಗೆ ಬೆಲೆ ಕೊಟ್ಟಂತೆ’ ಎಂದು ವಾದಿಸುವವರಿದ್ದಾರೆ. ವಾದ ಚೆನ್ನಾಗಿದೆ, ಆದರೆ ಅದು ವಾದಿಸುವವರ ಜೇಬಿಗೇ ಲಾಭ ತರುತ್ತದೆ ಎಂಬ ಕಾರಣಕ್ಕೆ ನನಗೆ ಅನುಮಾನ. ನನ್ನ ಅಭಿಪ್ರಾಯ ಹೀಗಿದೆ. ಅವನ ನಂಬಿಕೆಯನ್ನು ತಿದ್ದುವ ಹಕ್ಕು ನಿಮಗಿದೆ, ಕೂರಿಸಿಕೊಂಡು ಬುದ್ಧಿ ಹೇಳಿ. ಆದರೆ ಅವನ ದುಡ್ಡು ಪಡೆದು ತಿದ್ದುವ ಹಕ್ಕು ಇಲ್ಲ. ನಾಳೆ ಪಕ್ಕದ ಮನೆಯ ಹೆಂಗಸು ಅವನ ಹೆಂಡತಿಗೆ ಇದನ್ನು ಹೇಳಿಯೇ ಹೇಳುತ್ತಾಳೆ. ಆ ರಾತ್ರಿಯಿಂದ ಆಕೆ ಆ ಕೋಣೆಗೆ ಹೋಗುವುದಿಲ್ಲ. ಆಕೆಯ ಭಯ ಸುಳ್ಳಿರಬಹುದು, ಆದರೆ ಆಕೆ ಅನುಭವಿಸುವ ಸಂಕಟ ಸುಳ್ಳಲ್ಲ.

ಪಕ್ಕದ ಮನೆಯವರ ವಿಷಯ ಬಂತಲ್ಲ, ಅವರ ಪಾಲಿನ ಹೊಣೆಯೂ ಇದೆ. ವಾಸಿಲಾ ಬಿನ್ ಅಸ್ಕಅ್(ರ) ಎಂಬ ಸಹಾಬಿ ನಿಂತಿದ್ದಾಗ ಒಬ್ಬನು ಒಂಟೆಯನ್ನು ಮುನ್ನೂರು ದಿರ್ಹಮಿಗೆ ಮಾರಿದ. ಕೊಂಡವನು ಹೊರಟುಹೋದ. ವಾಸಿಲಾ(ರ) ಅವನ ಹಿಂದೆ ಓಡಿ, ಅದು ಮಾಂಸಕ್ಕೋ ಪ್ರಯಾಣಕ್ಕೋ ಎಂದು ವಿಚಾರಿಸಿ, ಪ್ರಯಾಣಕ್ಕೆಂದು ತಿಳಿದಾಗ ಅದರ ಗೊರಸಿನಲ್ಲಿ ತೂತಿರುವುದನ್ನು ಹೇಳಿಬಿಟ್ಟರು. ಕೊಂಡವನು ಮರಳಿ ಬಂದ, ಬೆಲೆ ನೂರು ದಿರ್ಹಮ್ ಇಳಿಯಿತು. ನನ್ನ ವ್ಯಾಪಾರ ಕೆಡಿಸಿದಿರೆಂದು ಮಾರುವವನು ಗೊಣಗಿದ. ಮಾರುವವನು ದೋಷ ಮುಚ್ಚಿಡುವುದು ಧರ್ಮಸಮ್ಮತವಲ್ಲ, ಅದನ್ನು ಬಲ್ಲ ಇನ್ನೊಬ್ಬ ಸುಮ್ಮನಿರುವುದೂ ಧರ್ಮಸಮ್ಮತವಲ್ಲ ಎಂಬ ಪ್ರವಾದಿ(ಸ)ವಚನವನ್ನು ವಾಸಿಲಾ(ರ) ಅವನಿಗೆ ನೆನಪಿಸಿದರು. ಇಮಾಮ್ ಗಝ್ಝಾಲಿಯವರು ‘ಇಹ್ಯಾ’ದಲ್ಲಿ ಇದನ್ನು ಹೇಳಿದ್ದಾರೆ. ಕೊಳ್ಳುವವನು ನೆರೆಯವರ ಬಾಗಿಲು ತಟ್ಟಿ ‘ಮನೆ ಹೇಗಿದೆ?’ ಎಂದು ಕೇಳಿದಾಗ ‘ನಮಗ್ಯಾಕ್ರೀ ಅದೆಲ್ಲ’ ಎನ್ನುವುದು ನಮ್ಮ ಕಡೆಯ ಸಭ್ಯತೆ. ಆ ಸಭ್ಯತೆಯಿಂದ ಒಂದು ಕುಟುಂಬ ಮುಳುಗಬಹುದು.

ಇಷ್ಟು ಹೊತ್ತು ಮಾರುವವನನ್ನೇ ಕಟಕಟೆಯಲ್ಲಿ ನಿಲ್ಲಿಸಿದ್ದಾಯಿತು. ಕೊಳ್ಳುವವನೇನು ನಿರಪರಾಧಿಯೇ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಸರಪಳಿ ತುಂಡಾಗಿ ನೀರು ಹೊಳೆಗೆ ಹರಿದುಹೋದ ದಿನಗಳನ್ನು ನೆನಪಿಸಿಕೊಳ್ಳಿ. ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿದರು, ನಿಜ. ಆದರೆ ಆ ವಾರ ಸಿಂಧನೂರು, ಮಸ್ಕಿ ಸೀಮೆಯ ರೈತನ ಎದೆ ಹೇಗಿತ್ತೆಂಬುದು ನಮಗೆ ಗೊತ್ತು. ನಾಲೆಗೆ ನೀರಿಲ್ಲ ಎಂಬ ಮಾತು ಎದ್ದರೆ ಸಾಕು, ಸಾಲದಲ್ಲಿದ್ದವನು ಪಟ್ಟಣದ ಮನೆಯನ್ನು ಮಾರಲು ನೋಡುತ್ತಾನೆ. ಆಗ ಕೈಯಲ್ಲಿ ದುಡ್ಡಿದ್ದವನು ‘ಇನ್ನೆರಡು ವಾರ ತಡೆ, ತಾನಾಗಿ ಇಳಿಯುತ್ತಾನೆ’ ಎಂದು ಕಾಯುತ್ತಾನೆ. ಕಷ್ಟದಲ್ಲಿದ್ದವನ ಕತ್ತು ಹಿಡಿದು ಕೊಳ್ಳುವ ಇಂಥ ವ್ಯಾಪಾರವನ್ನು ಫಿಕ್ಹ್ ಪಂಡಿತರು ಬೇರೆಯಾಗಿ ಹೆಸರಿಸಿ ಚರ್ಚಿಸಿದ್ದಾರೆ, ಮೆಚ್ಚಿ ಬರೆದಿಲ್ಲ.

ಜರೀರ್ ಬಿನ್ ಅಬ್ದುಲ್ಲಾ(ರ) ಅವರ ಸೇವಕ ಅವರಿಗಾಗಿ ಒಂದು ಕುದುರೆಯನ್ನು ಮುನ್ನೂರಕ್ಕೆ ಗೊತ್ತು ಮಾಡಿಕೊಂಡು ಬಂದ. ಜರೀರ್(ರ) ಕುದುರೆಯನ್ನು ನೋಡಿ, ಇದಕ್ಕಿಂತ ಹೆಚ್ಚು ಬಾಳುತ್ತದೆ ಎಂದು ತಾವೇ ನೂರು ನೂರಾಗಿ ಏರಿಸುತ್ತಾ ಎಂಟುನೂರಕ್ಕೆ ಕೊಂಡರು. ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುವುದಾಗಿ ಪ್ರವಾದಿ(ಸ)ಯವರ ಕೈಯಲ್ಲಿ ತಾವು ಪ್ರತಿಜ್ಞೆ ಮಾಡಿದ್ದೇ ಅವರು ಕೊಟ್ಟ ಕಾರಣ. ನಾವೆಲ್ಲ ಜರೀರ್ ಆಗಬೇಕೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಮಾರುವ ವಿಧವೆಗೆ ತನ್ನ ಜಾಗದ ಅಳತೆಯೇ ಗೊತ್ತಿಲ್ಲ, ಹಿತ್ತಲಿನ ಹತ್ತು ಅಡಿಯೂ ತನ್ನದೇ ಎಂದು ತಿಳಿದಿಲ್ಲ, ಉತಾರ ಓದಿದ ನಿಮಗೆ ಮಾತ್ರ ಅದು ಗೊತ್ತು ಎಂದಿಟ್ಟುಕೊಳ್ಳಿ. ಆಗ ಸುಮ್ಮನಿರುವುದಕ್ಕೆ 1882ರ ಅದೇ ಕಾಯಿದೆಯಲ್ಲೂ ಅನುಮತಿಯಿಲ್ಲ. ಮಾರುವವನ ಹಕ್ಕು ಅವನು ತಿಳಿದದ್ದಕ್ಕಿಂತ ದೊಡ್ಡದಿದ್ದು ಅದರಿಂದ ಬೆಲೆ ಏರುವಂತಿದ್ದರೆ, ಅದನ್ನು ಬಲ್ಲ ಕೊಳ್ಳುವವನು ಹೇಳಲೇಬೇಕು ಎಂದು ಅದು ಹೇಳುತ್ತದೆ. ಮಾರುವವನ ಕರ್ತವ್ಯ ಅನೇಕರಿಗೆ ಗೊತ್ತಿದೆ. ಕೊಳ್ಳುವವನಿಗೂ ಒಂದು ಕರ್ತವ್ಯವಿದೆ ಎಂಬುದು ವಕೀಲರ ಹೊರತು ಯಾರಿಗೂ ಗೊತ್ತಿದ್ದಂತಿಲ್ಲ.

ಹಳೆಯ ಮನೆಯ ಅತಿ ದೊಡ್ಡ ದೋಷ ಗೋಡೆಯಲ್ಲೂ ಇರುವುದಿಲ್ಲ, ಬುನಾದಿಯಲ್ಲೂ ಇರುವುದಿಲ್ಲ. ಅದು ಹೊರಗಡೆ, ಬಹುಶಃ ಲಿಂಗಸುಗೂರಿನಲ್ಲೋ ಮಾನ್ವಿಯಲ್ಲೋ ಗಂಡನ ಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತದೆ. ನಾನು ಹೇಳುತ್ತಿರುವುದು ಅಕ್ಕತಂಗಿಯರ ಪಾಲಿನ ಮಾತು.

ತಂದೆ ತೀರಿಕೊಂಡಿದ್ದಾರೆ. ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಸಾಲ, ವಸಿಯ್ಯತ್ ತೀರಿದ ಮೇಲೆ ಮನೆ 48 ಲಕ್ಷಕ್ಕೆ ಹೋಯಿತು ಎನ್ನೋಣ. ಕುರ್‌ಆನಿನ ‘ಅನ್ನಿಸಾ’ ಅಧ್ಯಾಯದ ಲೆಕ್ಕದಂತೆ ತಾಯಿಗೆ ಎಂಟನೆಯ ಒಂದು ಪಾಲು, ಅಂದರೆ 6 ಲಕ್ಷ. ಉಳಿದ 42 ಲಕ್ಷದಲ್ಲಿ ಪ್ರತಿ ಮಗನಿಗೆ 14 ಲಕ್ಷ, ಪ್ರತಿ ಮಗಳಿಗೆ 7 ಲಕ್ಷ. ಮೂರನೆಯ ತರಗತಿಯ ಹುಡುಗ ಮಾಡಬಹುದಾದ ಲೆಕ್ಕ. ಆದರೆ ನಮ್ಮ ಎಷ್ಟು ಮನೆಗಳಲ್ಲಿ ಈ ಲೆಕ್ಕ ನಡೆಯುತ್ತದೆ? ‘ಮದುವೆಗೆ ಖರ್ಚು ಮಾಡಿದ್ದೇವಲ್ಲ’, ‘ತವರಿಗೆ ಬಂದಾಗ ಸೀರೆ ಕೊಡುತ್ತೇವಲ್ಲ’, ‘ಅವಳೇ ಬೇಡ ಅಂದಳು.’ ಈ ಮೂರು ಮಾತುಗಳಲ್ಲಿ ಹದಿನಾಲ್ಕು ಲಕ್ಷ ಕರಗಿಹೋಗುತ್ತದೆ. ಮದುವೆಯ ಖರ್ಚು ಪಾಲಲ್ಲ. ಸೀರೆಯೂ ಪಾಲಲ್ಲ. ಇನ್ನು ಬೇಡ ಎಂದದ್ದು: ಅಣ್ಣತಮ್ಮಂದಿರು ನಾಲ್ಕು ಜನ ಹಿರಿಯರನ್ನು ಕೂರಿಸಿಕೊಂಡು ಬಾಗಿಲಲ್ಲಿ ನಿಂತು ಕೇಳಿದರೆ, ತವರಿನ ಬಾಗಿಲು ಮುಚ್ಚಿಹೋಗುವ ಭಯವಿರುವ ಹೆಣ್ಣು ಮತ್ತೇನು ಹೇಳಿಯಾಳು? ಪಾಲನ್ನು ಮೊದಲು ಅವಳ ಕೈಗೆ ಕೊಡಿ. ಆಮೇಲೆ ಅವಳು ತಾನಾಗಿ ಹಿಂದಿರುಗಿಸಿದರೆ ಅದನ್ನು ಔದಾರ್ಯ ಎನ್ನಬಹುದು.

ಇದರಲ್ಲಿ ಕೊಳ್ಳುವ ನಿಮಗೇನು ಸಂಬಂಧ ಎನ್ನುವಿರಾ? ಋಣಭಾರ ಪತ್ರ ತೆಗೆಸಿದ್ದೀರಿ, ಬ್ಯಾಂಕಿನ ಅಡವು ಇಲ್ಲ, ಖಾತೆಯಲ್ಲಿ ಅಣ್ಣನ ಹೆಸರಿದೆ, ತೆರಿಗೆಯ ರಸೀತಿಯಿದೆ. ಆದರೆ ಅಕ್ಕತಂಗಿಯರ ಪಾಲು ಋಣಭಾರ ಪತ್ರದಲ್ಲಿ ಕಾಣುವುದಿಲ್ಲ. ಮುಸ್ಲಿಮ್ ವೈಯಕ್ತಿಕ ಕಾನೂನಿನಲ್ಲಿ ತಂದೆ ತೀರಿಕೊಂಡ ಕ್ಷಣಕ್ಕೇ ಪ್ರತಿ ವಾರಸುದಾರನ ಪಾಲು ಅವರವರದಾಗುತ್ತದೆ. ಕೃಷಿ ಭೂಮಿಯ ಪ್ರಶ್ನೆ 1937ರ ಶರೀಅತ್ ಕಾಯಿದೆಯಲ್ಲಿ ಬೇರೆಯಾಗಿ ಉಳಿದಿದೆ, ಆದರೆ ಮನೆಗೆ ಅದು ನೇರವಾಗಿ ಅನ್ವಯಿಸುತ್ತದೆ. ಅಣ್ಣ ಮಾರಬಲ್ಲದ್ದು ತನ್ನ ಪಾಲನ್ನು ಮಾತ್ರ. ಅಕ್ಕತಂಗಿಯರು ಸಹಿ ಮಾಡದ, ಹಕ್ಕು ಬಿಡುಗಡೆ ಪತ್ರ ಬರೆದುಕೊಡದ ಮನೆಯನ್ನು ಕೊಂಡವರು ಕಾನೂನಿನಲ್ಲಿ ಅವರೊಡನೆ ಪಾಲುದಾರರಾಗಿ ನಿಲ್ಲುತ್ತಾರೆ. ಅದು ಕೋರ್ಟಿನ ಮಾತು. ನಾನು ಕೇಳುವುದು ಬೇರೆ. ಆ ಮನೆಯ ಒಂದು ಕೋಣೆ ಇನ್ನೂ ಯಾರದೋ ಹೆಣ್ಣುಮಗಳದು ಎಂದು ಗೊತ್ತಿದ್ದೂ ಅಲ್ಲಿ ಮುಸಲ್ಲಾ ಹಾಸುವ ಮನಸ್ಸು ನಿಮಗೆ ಬರುತ್ತದೆಯೇ? ಮನೆ ನೋಡಲು ಹೋದಾಗ ಕೋಣೆ ಎಷ್ಟು, ನೀರು ಹೇಗೆ ಎಂದು ಕೇಳುವಂತೆ, ‘ತಂದೆಗೆ ಹೆಣ್ಣುಮಕ್ಕಳು ಎಷ್ಟು ಜನ?’ ಎಂದೂ ಕೇಳಿ. ಮುಜುಗರವಾಗುತ್ತದೆ, ಕೇಳಿ.

ಇನ್ನು ಬೆಂಗಳೂರಿನ ಫ್ಲಾಟಿನ ವಿಷಯ. ನಮ್ಮ ಭಾಗದ ಹುಡುಗರು ಓದಿ ಅಲ್ಲಿ ಕೆಲಸ ಹಿಡಿದಿದ್ದಾರೆ, ಹೊಸದು ಕೊಳ್ಳಲು ಆಗದೆ ಹದಿನೈದು ಇಪ್ಪತ್ತು ವರ್ಷದ ಫ್ಲಾಟು ನೋಡುತ್ತಾರೆ. ಇಲ್ಲಿಂದ ತಂದೆ ಹೊಲ ಮಾರಿ ದುಡ್ಡು ಕಳಿಸುತ್ತಾರೆ. (ಬಡ್ಡಿಯ ಸಾಲದ ಪ್ರಶ್ನೆ ಇಲ್ಲಿ ಎತ್ತಿದರೆ ಈ ಲೇಖನ ಮುಗಿಯುವುದಿಲ್ಲ, ಅದನ್ನು ಬೇರೆಯಾಗಿಯೇ ಬರೆಯಬೇಕು.) ಕಟ್ಟಡದ ರಚನೆಯ ದೋಷಕ್ಕೆ ಬಿಲ್ಡರ್ ಹೊಣೆಯಾಗುವುದು 2016ರ ರೇರಾ ಕಾಯಿದೆಯ ಪ್ರಕಾರ ವಶಕ್ಕೆ ಕೊಟ್ಟ ಐದು ವರ್ಷದವರೆಗೆ. ಹಳೆಯ ಫ್ಲಾಟಿಗೆ ಆ ಆಸರೆಯಿಲ್ಲ. ಅಲ್ಲಿ ನೀವು ಕೊಳ್ಳುವುದು ನಾಲ್ಕು ಗೋಡೆಯನ್ನಷ್ಟೇ ಅಲ್ಲ. ನೆಲದಲ್ಲಿ ಅವಿಭಾಜ್ಯ ಪಾಲು, ಮೆಟ್ಟಿಲು, ಲಿಫ್ಟು, ಸಂಪು, ತಾರಸಿಗಳಲ್ಲಿ ಪಾಲು, ಜೊತೆಗೆ ಅರವತ್ತು ಎಪ್ಪತ್ತು ಅಪರಿಚಿತ ಕುಟುಂಬಗಳೊಡನೆ ಒಂದು ಸಂಬಂಧ.

ಹಡಗಿನ ಹದೀಸ್ ಬುಖಾರಿಯಲ್ಲಿ ಬಂದಿದೆ. ಚೀಟಿ ಎತ್ತಿ ಕೆಲವರಿಗೆ ಮೇಲಿನ ಅಂತಸ್ತು, ಕೆಲವರಿಗೆ ಕೆಳಗಿನದು ಸಿಕ್ಕಿತು. ಕೆಳಗಿನವರು ನೀರಿಗಾಗಿ ಮೇಲಿನವರನ್ನು ದಾಟಿ ಹೋಗಬೇಕಿತ್ತು. ಮೇಲಿನವರಿಗೆ ತೊಂದರೆ ಕೊಡದೆ ನಮ್ಮ ಪಾಲಿನಲ್ಲೇ ಒಂದು ತೂತು ಕೊರೆದುಕೊಳ್ಳೋಣ ಎಂದು ಅವರು ಯೋಚಿಸಿದರು. ಅವರನ್ನು ಹಾಗೇ ಬಿಟ್ಟರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. ಈ ದೃಷ್ಟಾಂತವನ್ನು ನಾವು ಕೆಡುಕನ್ನು ತಡೆಯುವ ಉಪದೇಶವಾಗಿ ಕೇಳುತ್ತೇವೆ, ಅದು ಸರಿ. ಆದರೆ ಫ್ಲಾಟಿನಲ್ಲಿ ಇರುವವರಿಗೆ ಅದು ದೃಷ್ಟಾಂತವೇ ಅಲ್ಲ, ದಿನದ ಬದುಕು. ಕೊರೆದವರ ಉದ್ದೇಶ ಕೆಟ್ಟದಾಗಿರಲಿಲ್ಲ, ಜಾಗವೂ ಅವರದೇ. ‘ನನ್ನ ಫ್ಲಾಟು, ನನ್ನ ಗೋಡೆ’ ಎಂದು ಭಾರ ಹೊರುವ ಗೋಡೆ ಒಡೆದು ಹಾಲ್ ದೊಡ್ಡದು ಮಾಡಿಕೊಂಡವನ ವಾದವೂ ಇದೇ. ‘ನನ್ನದು ನೆಲಮಹಡಿ, ನಾನು ಲಿಫ್ಟು ಹತ್ತುವುದಿಲ್ಲ, ದುಡ್ಡೇಕೆ ಕೊಡಲಿ?’ ಎನ್ನುವವನದೂ ಇದೇ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಗೆ ಒಳಪಟ್ಟ ಕಟ್ಟಡಗಳಲ್ಲಿ, ನಾನು ಬಳಸುವುದಿಲ್ಲ ಎಂಬ ಕಾರಣಕ್ಕೆ ಸಾಮಾನ್ಯ ಖರ್ಚಿನಿಂದ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಮಾರಿದವನು ಉಳಿಸಿಹೋದ ಮೇಂಟೆನೆನ್ಸ್ ಬಾಕಿಗೆ ಕೊಂಡವನೂ ಜೊತೆಯಲ್ಲಿ ಹೊಣೆಯಾಗುತ್ತಾನೆ.

ಜಪಾನಿನವರು ಇದಕ್ಕೂ ಒಂದು ದಾರಿ ಮಾಡಿಕೊಂಡಿದ್ದಾರೆ. ತಿಂಗಳ ಖರ್ಚಿನ ಹಣವಲ್ಲದೆ ಮುಂದಿನ ದೊಡ್ಡ ದುರಸ್ತಿಗೆಂದು ಪ್ರತಿ ಮನೆಯಿಂದ ಬೇರೆಯಾಗಿ ತಿಂಗಳು ತಿಂಗಳೂ ಹಣ ಕೂಡಿಸುತ್ತಾರೆ. ಸುಮಾರು ಹನ್ನೆರಡು ಹದಿನೈದು ವರ್ಷಕ್ಕೊಮ್ಮೆ ಇಡೀ ಕಟ್ಟಡಕ್ಕೆ ಸಾರುವೆ ಕಟ್ಟಿ ಗೋಡೆ, ತಾರಸಿ, ಕೊಳವೆಗಳನ್ನು ಸರಿಪಡಿಸುತ್ತಾರೆ. ಹಳೆಯ ಫ್ಲಾಟು ಕೊಳ್ಳುವ ಬುದ್ಧಿವಂತನು ಅಲ್ಲಿ ಅಡುಗೆಮನೆಯ ಚೆಂದ ನೋಡುವ ಮೊದಲು ಆ ನಿಧಿಯಲ್ಲಿ ಎಷ್ಟಿದೆ ಎಂದು ನೋಡುತ್ತಾನೆ. ಅಲ್ಲಿಯೂ ಎಲ್ಲ ಸರಿಯಿಲ್ಲ. ಮುದುಕರೇ ಉಳಿದ, ನಿಧಿ ಬರಿದಾದ ಕಟ್ಟಡಗಳು ಅವರಿಗೂ ತಲೆನೋವಾಗಿವೆ. ನಮ್ಮಲ್ಲಿ ಅನೇಕ ಕಟ್ಟಡಗಳಲ್ಲಿ ಅಂಥ ನಿಧಿಯ ಮಾತೆತ್ತಿದರೆ, ‘ನಾನು ಎರಡು ವರ್ಷದಲ್ಲಿ ಮಾರಿ ಹೋಗುವವನು, ನನ್ನಿಂದೇಕೆ?’ ಎನ್ನುತ್ತಾರೆ. ಹತ್ತು ವರ್ಷ ಆ ತಾರಸಿಯ ಕೆಳಗೆ ಒಣಗಿದ ತಲೆಯಲ್ಲಿ ಮಲಗಿದವನು, ಅದು ಸೋರಲು ಶುರುವಾಗುವ ವರ್ಷಕ್ಕೆ ಸರಿಯಾಗಿ ಹೊಸಬನಿಗೆ ದಾಟಿಸಿ ಹೋಗುವುದು ಕೂಡ ಹಸಿ ಭತ್ತವನ್ನು ರಾಶಿಯ ಒಳಗಿಟ್ಟಂತೆಯೇ. ಮುಂದಿನ ತಿಂಗಳು ಲಿಫ್ಟು ಬದಲಿಸಲು ತಲಾ ಇಷ್ಟು ಹಾಕಬೇಕೆಂದು ಸಭೆಯಲ್ಲಿ ತೀರ್ಮಾನವಾಗಿದ್ದರೆ, ಕೊಳ್ಳಲು ಬಂದವನಿಗೆ ಅದನ್ನು ಹೇಳಿ.

ಹೀಗೆ ಎಲ್ಲವನ್ನೂ ಹೇಳಿದರೆ ಬೆಲೆ ಇಳಿಯುವುದಿಲ್ಲವೇ? ಇಳಿಯುತ್ತದೆ. ಇದನ್ನು ಮುಚ್ಚಿಟ್ಟು ಉಪದೇಶ ಮಾಡಿದರೆ ನಾನೂ ತೇವದ ಗೋಡೆಗೆ ಸುಣ್ಣ ಬಳಿದಂತಾಗುತ್ತದೆ. ನಿಜ ಹೇಳಿದವನಿಗೆ ವ್ಯಾಪಾರದಲ್ಲಿ ಯಾವಾಗಲೂ ಲಾಭವೇ ಆಗುತ್ತದೆಂದು ಕೆಲವರು ಭಾಷಣ ಮಾಡುತ್ತಾರೆ. ವಾಸಿಲಾ(ರ) ಕಥೆಯಲ್ಲಿ ಒಂಟೆಯ ಬೆಲೆ ಮೂರರಲ್ಲಿ ಒಂದು ಪಾಲು ಹೋಯಿತು, ಅದು ಮರಳಿ ಬಂದ ಸುದ್ದಿ ಎಲ್ಲೂ ಇಲ್ಲ. ಇಬ್ಬರೂ ನಿಜ ಹೇಳಿ ಬಿಚ್ಚಿಟ್ಟರೆ ವ್ಯವಹಾರದಲ್ಲಿ ಬರಕತ್ ಇದೆ, ಮುಚ್ಚಿಟ್ಟರೆ ಅದು ಅಳಿಸಿಹೋಗುತ್ತದೆ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಬರಕತ್ ಎಂಬುದು ಹೆಚ್ಚು ರೂಪಾಯಿ ಎಂದು ಅವರು ಹೇಳಿಲ್ಲ. ಇಳಿದ ಆ ಎರಡು ಲಕ್ಷ ಮೊದಲಿನಿಂದಲೂ ನಿಮ್ಮದಾಗಿರಲಿಲ್ಲ, ಗೋಡೆಯ ಸೀಳು ಅದನ್ನು ಎಂದೋ ತಿಂದುಹಾಕಿತ್ತು ಎಂದು ನೋಡಿದರೆ ನಷ್ಟದ ಭಾವನೆ ಸ್ವಲ್ಪ ಕಡಿಮೆಯಾದೀತು.

ಕೊನೆಯದಾಗಿ ನೋಂದಣಿಯ ಕಾಗದದ ವಿಷಯ, ಏಕೆಂದರೆ ಅಲ್ಲಿಯವರೆಗೆ ನೇರವಾಗಿ ನಡೆದವರೂ ಅಲ್ಲಿ ಎಡವುತ್ತಾರೆ. ಮನೆ ಹೋದದ್ದು 40 ಲಕ್ಷಕ್ಕೆ, ಕ್ರಯಪತ್ರದಲ್ಲಿ ಬರೆದದ್ದು ಸರಕಾರಿ ಮಾರ್ಗಸೂಚಿ ದರದ 22 ಲಕ್ಷ, ಉಳಿದದ್ದು ಚೀಲದಲ್ಲಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಗದನ್ನು ಪಡೆಯುವುದನ್ನು 2015ರಿಂದ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ಆದರೂ ಪದ್ಧತಿ ನಿಂತಿಲ್ಲ. ಎಲ್ಲರೂ ಮಾಡುತ್ತಾರೆ ಎಂಬುದು ಉತ್ತರ. ನಾಳೆ ಹಕ್ಕಿನ ದೋಷ ಕಂಡು ವ್ಯವಹಾರ ಮುರಿದರೆ ಕೊಂಡವನು ಕಾಗದದಲ್ಲಿ ತೋರಿಸಬಲ್ಲದ್ದು 22 ಲಕ್ಷ ಮಾತ್ರ. ಅಣ್ಣತಮ್ಮಂದಿರು ಪಾಲು ಕೊಡಲು ಕುಳಿತರೂ ಅಕ್ಕತಂಗಿಯರಿಗೆ 22 ಲಕ್ಷದ ಲೆಕ್ಕ ತೋರಿಸುತ್ತಾರೆ. ಚೀಲದ ಸುದ್ದಿ ಅವರಿಗೆ ಮುಟ್ಟುವುದೇ ಇಲ್ಲ. ಕೊಡು ಕೊಳ್ಳುವುದನ್ನು ಬರೆದಿಡಿ, ಬರೆಯುವವನು ನ್ಯಾಯವಾಗಿ ಬರೆಯಲಿ, ಸಾಕ್ಷಿಗಳಿರಲಿ ಎಂದು ‘ಅಲ್ ಬಕರಃ’ ಅಧ್ಯಾಯದ ಅತ್ಯಂತ ದೀರ್ಘವಾದ ಸೂಕ್ತವೇ ಆಜ್ಞಾಪಿಸಿರುವಾಗ, ನಾವು ಬರೆಸುವ ಕಾಗದದ ಮೊದಲ ಅಂಕಿಯೇ ಸುಳ್ಳಾಗಿರುತ್ತದೆ. ಅದಕ್ಕೆ ಇಬ್ಬರು ಸಾಕ್ಷಿಗಳು ಬೇಕು, ಹೆಚ್ಚಾಗಿ ಮಸೀದಿಯ ಮುಂದಿನ ಸಾಲಿನವರನ್ನೇ ಕರೆಯುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಗೆ ನಿಮ್ಮನ್ನೂ ಎಂದಾದರೂ ಹಾಗೆ ಕರೆದಾರು. ಸಹಿ ಹಾಕುವ ಮೊದಲು ಮೊತ್ತವನ್ನು ಓದಿಸಿ ಕೇಳಿ. ಕೈ ಬದಲಾದದ್ದು ಅದಕ್ಕಿಂತ ಹೆಚ್ಚೆಂದು ನಿಮಗೆ ಗೊತ್ತಿದ್ದರೆ, ಬೇರೆಯವರನ್ನು ನೋಡಿಕೊಳ್ಳಿ ಎಂದು ಪೆನ್ನು ಹಿಂದಿರುಗಿಸಿ.